ಕೆಸರು ಮೆತ್ತಿದ ರಾಣಿ

ಬ್ರಾಕ್‌ಬರ್ನಿನ ಪುರಭವನದಲ್ಲಿದ್ದ ಸ್ಕಾಟ್ಲೆಂಡಿನ ಹಿಂದಿನ ಕಾಲದ ರಾಣಿ ಮೇರಿಯ ಹಳೆಯ ಚಿತ್ರ ತೇವ ಹಿಡಿದು ಹಾಳಾದಾಗ ಯಾರೂ ಅಷ್ಟೇನೂ ದುಃಖಪಡಲಿಲ್ಲ. ಅದರಲ್ಲಿ ರಾಣಿ ತನ್ನ ತಲೆ ಕಡಿಯಲಿರುವ ಕೊಡಲಿಯ ಮುಂದೆ ಮಂಡಿಯೂರಿ ಆಕಾಶ ನೋಡುತ್ತಿದ್ದಳು. ಸ್ಕಾಟ್ಲೆಂಡಿನಲ್ಲಿ ಯಾವ ಗೋಡೆ ನೋಡಿದರೂ ಅವಳು ಒಂದೋ ಅಳುತ್ತಿರುತ್ತಾಳೆ, ಇಲ್ಲವೇ ಸಾಯುತ್ತಿರುತ್ತಾಳೆ. ಚಿತ್ರಗಾರ್ತಿ ಗ್ರಿಜೆಲ್ ರದರ್‌ಫೋರ್ಡಳಿಗೆ ಚಿಕ್ಕಂದಿನಿಂದಲೂ ಇದನ್ನು ಕಂಡರೆ ರೇಗುತ್ತಿತ್ತು. ಹೊಸ ಚಿತ್ರ ಬರೆಯುವ ಕೆಲಸ ತನಗೇ ಬಂದಾಗ ಅವಳು ರಾಣಿಯನ್ನು ಕುದುರೆ ಹತ್ತಿಸಿದಳು. ಗಡಿಯ ಜೌಗು ದಾಟಿ ದೂರದ ಕೋಟೆಗೆ ಒಂದೇ ದಿನದಲ್ಲಿ ಹೋಗಿ ಬಂದ ರಾಣಿ. ಮೊಣಕಾಲವರೆಗೆ ಕೆಸರು, ಕೆದರಿದ ಕೂದಲು, ಬಾಯ್ತುಂಬ ನಗು.

ಸುದ್ದಿ ಸೋರಿತು. ಸವಾರಿ ಸಮಿತಿಯ ಅಧ್ಯಕ್ಷ ಆಡಮ್ ಲೇಡ್ಲಾ ಅವಳ ಕೋಣೆಗೇ ಬಂದ. ಬ್ರಾಕ್‌ಬರ್ನಿನ ಗಂಡಸರು ವರ್ಷಕ್ಕೊಮ್ಮೆ ಬಾವುಟ ಹಿಡಿದು ಊರಿನ ಎಲ್ಲೆಯ ಸುತ್ತ ಕುದುರೆ ಓಡಿಸುತ್ತಾರೆ. ಹೆಂಗಸರಿಗೆ ಆ ದಿನ ಬಾಗಿಲಲ್ಲಿ ನಿಂತು ಕೈ ಬೀಸುವ ಕೆಲಸ.

"ಅಲ್ಲಮ್ಮಾ, ಹೊರಡೋ ಮೊದಲು ನಾವೆಲ್ಲ ಟೋಪಿ ತೆಗೆಯೋದು ಆ ಚಿತ್ರಕ್ಕೆ. ಕುದುರೆ ಮೇಲಿರೋ ಹೆಂಗಸಿಗೆ ಟೋಪಿ ತೆಗೀಬೇಕಾ?"

"ಸಾಯ್ತಿರೋಳಿಗಾದ್ರೆ ತೆಗೀಬಹುದು, ಅಲ್ವಾ ಲೇಡ್ಲಾ ಅವ್ರೇ?"

"ನಾಳೆ ನಮ್ಮನೆ ಹೆಂಗಸ್ರೂ ನಾವು ಬರ್ತೀವಿ ಅಂತಾರೆ."

"ಅನ್ಲಿ."

"ಶುಕ್ರವಾರ ಸಮಿತಿ ಬಂದು ನೋಡುತ್ತೆ. ಒಪ್ಪದಿದ್ರೆ ಪರದೆ ಹಾಕಿ ಮುಚ್ತೀವಿ. ಪರದೆ ನಾನೇ ತರ್ತೀನಿ."

ಪರದೆಯ ಹಿಂದೆ ಹೋದ ಚಿತ್ರ ಮತ್ತೆ ಹೊರಬರುವುದಿಲ್ಲವೆಂದು ಗ್ರಿಜೆಲ್‌ಗೆ ಗೊತ್ತಿತ್ತು. ರಾಣಿಯನ್ನು ಕೆಳಗಿಳಿಸಲು ಅವಳು ಸಿದ್ಧಳಿರಲಿಲ್ಲ. ಕುದುರೆ ಮಾತ್ರ ಇನ್ನೂ ಬರಿಯ ಗೆರೆಗಳಲ್ಲಿತ್ತು. ಅವಳು ಕಾಗದ ಹಿಡಿದು ಊರಾಚೆಯ ಹುಲ್ಲುಗಾವಲಿಗೆ ಹೋದಳು. ಬೇಲಿಯ ಮೇಲೆ ಕೂತು, ಅಲ್ಲಿ ಮೇಯುತ್ತಿದ್ದ ಹೆಣ್ಣುಕುದುರೆಯೊಂದನ್ನು ಸಂಜೆಯವರೆಗೆ ಬರೆದುಕೊಂಡಳು. ಅದು ಯಾರದೆಂದು ತಿಳಿದೇ ಹೋಗಿದ್ದಳು.

ಶುಕ್ರವಾರ ಸಮಿತಿಯವರು ಒದ್ದೆ ಬೂಟುಗಳಲ್ಲಿ ಬಂದು ಚಿತ್ರದ ಮುಂದೆ ನಿಂತರು. ಲೇಡ್ಲಾನ ಕಂಕುಳಲ್ಲಿ ಕಂದು ಪರದೆಯಿತ್ತು. ದೇವರೇ ಕುದುರೆ ಏರಿ ಬಂದರೂ ಈ ಊರಿನವರು ಮೊದಲು ನೋಡುವುದು ಕುದುರೆಯ ಕಾಲನ್ನು. ರಾಣಿಯ ಮುಖದತ್ತ ಒಬ್ಬನೂ ತಲೆ ಎತ್ತಲಿಲ್ಲ.

"ಹಿಂಗಾಲು ಗಟ್ಟಿಯಾಗಿದೆ," ಅಂದ ಕಮ್ಮಾರ ಡ್ಯಾಂಡ್ ಎಲಿಯಟ್. ಇನ್ನಷ್ಟು ಬಗ್ಗಿದ. "ತಡೀರಿ, ತಡೀರಿ. ಈ ಕಾಲಿಗೆ ಲಾಳ ಹೊಡೆದೋನು ನಾನೇ ಕಣ್ರೋ! ಆಡಮ್, ಇದು ನಿನ್ನ ಜಿಂಟಿ!"

ಲೇಡ್ಲಾ ಹತ್ತಿರ ಬಂದ. ಕುದುರೆಯ ಹಣೆಯ ಮೇಲೆ ಓರೆ ಚುಕ್ಕೆ, ತುದಿ ಹರಿದ ಎಡಗಿವಿ. ಜಿಂಟಿ ಕತ್ತು ಚಾಚಿ ಕೆಸರು ಸೀಳಿಕೊಂಡು ಬರುತ್ತಿದ್ದಳು. ಅವನ ಮುಖ ಕೆಂಪೇರಿತು.

"ಜೌಗಿನಲ್ಲಿ ಹೀಗೇ ನುಗ್ತಾಳೆ," ಅಂದ, ಯಾರೂ ಕೇಳದಿದ್ದರೂ. "ನಿಮ್ಮ ಯಾವ ಕುದುರೆಗೂ ಆಗಲ್ಲ."

"ಪರದೆ ಕೊಡು ಮಾರಾಯ, ಮುಚ್ಚಿಬಿಡೋಣ," ಎಂದು ಡ್ಯಾಂಡ್ ಮೀಸೆಯೊಳಗೇ ನಗುತ್ತ ಕೈ ಚಾಚಿದ.

"ಯಾವನೋ ಅವನು, ನನ್ನ ಜಿಂಟಿಗೆ ಪರದೆ ಹಾಕೋನು?"

"ಮೇಲೆ ಹೆಂಗಸು ಕೂತಿದಾಳಲ್ಲ?"

ಆಗ ಲೇಡ್ಲಾ ತಲೆ ಎತ್ತಿ ರಾಣಿಯನ್ನು ನೋಡಿದ. ಅವಳ ಬೆನ್ನು ನೋಡಿದ, ಕೈ ನೋಡಿದ.

"ಕೂತಿರೋದು ಸರಿಯಾಗೇ ಕೂತಿದಾಳೆ," ಅಂದ ಕೊನೆಗೆ. "ಲಗಾಮು ಸಡಿಲ ಬಿಟ್ಟಿದಾಳೆ ನೋಡು. ನನ್ನ ಮಗನಿಗೆ ಎಷ್ಟು ಹೇಳಿದ್ರೂ ಅದು ಬರಲ್ಲ."

"ಇಳಿಸಲಾ?" ಎಂದಳು ಗ್ರಿಜೆಲ್.

"ಬೇಡಮ್ಮಾ. ಇಳಿಸಿದ್ರೆ ಜಿಂಟಿನ ಓಡಿಸೋರು ಯಾರು?"

ಸವಾರಿಯ ಬೆಳಿಗ್ಗೆ ಪುರಭವನದ ಗೋಡೆಯೇರಿದ ಹೊಸ ಚಿತ್ರಕ್ಕೆ ಲೇಡ್ಲಾ ಎಲ್ಲರಿಗಿಂತ ಮೊದಲು ಟೋಪಿ ತೆಗೆದ. ಹೆಂಗಸರು ಬಾಗಿಲಲ್ಲಿ ಕೈ ಬೀಸುವುದು ಬಿಟ್ಟು ಪುರಭವನದೊಳಗೇ ನುಗ್ಗಿದರು. ರಾಣಿಯನ್ನು ಕಂಡ ಅವರ ಹರ್ಷದ ಕೂಗಿಗೆ ಹೊರಗಿನ ಕುದುರೆಗಳು ಬೆದರಿ ಹಿಂದಡಿಯಿಟ್ಟವು. ಅವರ ನಡುವೆ ಗ್ರಿಜೆಲ್ ಕೂಡ ಗಂಟಲು ಹರಿಯುವಂತೆ ಕೂಗುತ್ತಿದ್ದಳು.