ಮಡಚದ ಕಾಲು

ಸಿದ್ದಯ್ಯ ಹೆಣದ ಬಲಗಾಲಿನ ಹಿಮ್ಮಡಿ ಹಿಡಿದು ಮತ್ತೆ ಒಳಕ್ಕೆ ತಳ್ಳಿದ. ಕಾಲು ಅಲುಗಲಿಲ್ಲ. ಎಡಗಾಲು ಆಗಲೇ ಮಡಚಿಕೊಂಡು ಕೂತಿತ್ತು. ಬಲಗಾಲು ಮಾತ್ರ ಚಾಪೆ ದಾಟಿ ಹೊಸ ಮನೆಯ ನುಣುಪು ಟೈಲ್ಸಿನ ಮೇಲೆ ನೆಟ್ಟಗೆ ಚಾಚಿತ್ತು.

"ಇನ್ನೊಂದು ಚೊಂಬು ಬಿಸ್ನೀರು ಉಯ್ಯಿ ಕಣ್ಲಾ ಶಿವ. ಮೆತ್ಗಾಯ್ತದೆ."

"ಮೆತ್ಗಾಗಕ್ಕೆ ಅದೇನು ಅವರೆಕಾಳಾ ಚಿಕ್ಕಪ್ಪ?" ಎಂದಳು ಲೋಕೇಶ್ವರಿ. ಸತ್ತವಳ ಮಗಳು, ತಿಗನಾರೆಯಿಂದ ಬೆಳಗಿನ ಬಸ್ಸಿಗೆ ಬಂದವಳು ಇನ್ನೂ ಒಂದು ಲೋಟ ನೀರು ಕುಡಿದಿರಲಿಲ್ಲ. "ಬುಡಿ ಅದ್ನ. ಬಗ್ಗಲ್ಲ."

ಇವರ ಕುಲದಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಬಿದಿರಿನ ವಿಮಾನದಲ್ಲಿ ಹೊತ್ತು, ಗುಂಡಿಯಲ್ಲಿಯೂ ಹಾಗೆಯೇ ಕೂರಿಸಬೇಕು. ಪಣಕಹಳ್ಳಿಯ ಹೊಲದ ಬದುವಿನಲ್ಲಿ ಮಾದು ಅದಕ್ಕೆ ತಕ್ಕಂತೆ ಚೌಕ ಗುಂಡಿ ತೋಡಿ ಕಾಯುತ್ತಿದ್ದ. ಅಂಗಳದಲ್ಲಿ ಚೆಂಡುಹೂ ಸುತ್ತಿದ ವಿಮಾನ ಸಿದ್ಧವಾಗಿತ್ತು. ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಸತ್ತ ಪುಟ್ಟನಂಜಮ್ಮ ತನ್ನಲ್ಲಿ ಎಂದೂ ಇಲ್ಲದ ಬಣ್ಣದ ಸೀರೆಯುಟ್ಟು ನಗುತ್ತಿದ್ದಳು. ಊರು ತಮಿಳುನಾಡಿನ ಗಡಿಯೊಳಗಿದ್ದುದರಿಂದ ಮೇಲೆ ತಮಿಳಿನಲ್ಲಿ 'ಕಣ್ಣೀರ್ ಅಂಜಲಿ', ಕೆಳಗೆ ಮಗ ಶಿವಮೂರ್ತಿಯ ಫೋಟೊ, ತಾಯಿಯದಕ್ಕಿಂತ ಚೂರೇ ಚಿಕ್ಕದು.

ಬೆನ್ನಿನ ಹುಣ್ಣಿನ ವಾಸನೆ ಊದುಬತ್ತಿಗೂ ಬಗ್ಗಿರಲಿಲ್ಲ. ಬಂದವರು ಟವೆಲ್ಲಿನಲ್ಲಿ ಮೂಗು ಮುಚ್ಚಿಕೊಂಡೇ "ಪುಣ್ಯವಂತೆ, ಮಗ ಚೆನ್ನಾಗಿ ನೋಡ್ಕಂಡ" ಎಂದು ಹೊರಗಿನ ಕುರ್ಚಿಗಳಿಗೆ ಓಡುತ್ತಿದ್ದರು. ಬಟ್ಟೆಯೊಳಗಿಂದ ಆ ಮಾತು ವಾಂತಿ ತಡೆದುಕೊಂಡಂತೆ ಕೇಳುತ್ತಿತ್ತು.

*

ಮೊದಲು ಮುರಿದದ್ದು ಕೈ. ಎರಡು ವರ್ಷದ ಹಿಂದೆ ಕೊಟ್ಟಿಗೆಯ ಸಗಣಿಯ ಮೇಲೆ ಜಾರಿದ ಪುಟ್ಟನಂಜಮ್ಮ ಅಂಗೈ ಊರಿದ್ದಳು, ಮಣಿಕಟ್ಟು ಮುರಿದಿತ್ತು. ಸರ್ಕಾರಿ ಆಸ್ಪತ್ರೆಯ ಎಳೆಯ ತಮಿಳು ಡಾಕ್ಟರಮ್ಮ ಕಟ್ಟು ಹಾಕುತ್ತ, ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದ್ದಳು:

"ಪಾಟಿ... ಅಜ್ಜಿ ಕೈ ಕೂಡ್ಕೊಳ್ಳುತ್ತೆ. ಆದ್ರೆ ನಿಂತಲ್ಲೇ ಬಿದ್ದಿದ್ದಕ್ಕೆ ಮುರೀತು ಅಂದ್ರೆ ಎಲುಬು ಒಳಗೆ ಸವೆದಿದೆ. ಇನ್ನೊಂದ್ಸಲ ಬಿದ್ರೆ ಸೊಂಟ. ಬೀಳದ ಹಾಗೆ ನೋಡ್ಕೊಳ್ಳಿ. ಮಾತ್ರೆ ನಿಲ್ಲಿಸ್ಬೇಡಿ, ದಿನಾ ಹಾಲು ಕೊಡಿ, ಬಿಸಿಲಲ್ಲಿ ನಡೀಲಿ, ಕೈಗೆ ಕೋಲು ಕೊಡಿ. ಬಚ್ಚಲ ಹತ್ರ ಹಿಡ್ಕೊಳ್ಳೋಕೆ ಒಂದು ಪೈಪು ಹಾಕ್ಸಿ."

"ಹಾಲ್ಗೇನು ಮೇಡಂ, ಮನೇಲಿ ಎರಡು ಸೀಮೆಹಸ ಅವೆ," ಎಂದು ಶಿವಮೂರ್ತಿ ನಕ್ಕಿದ್ದ.

ಹಸುಗಳಿದ್ದದ್ದು ನಿಜ. ಕರೆಯುತ್ತಿದ್ದವಳು ಪುಟ್ಟನಂಜಮ್ಮನೇ. ಕರೆದ ಹಾಲು ಬಿಸಿಯಾರುವ ಮೊದಲೇ ಡೈರಿಯ ಕ್ಯಾನಿಗೆ ಹೋಗುತ್ತಿತ್ತು. ಅವಳು ಒಲೆಯ ಮುಂದೆ ಕೂತು ಕರಿ ಟೀ ಊದಿಕೊಂಡು ಕುಡಿಯುತ್ತಿದ್ದಳು.

ಲೋಕೇಶ್ವರಿ ತಾಳವಾಡಿಯಿಂದ ರಬ್ಬರು ಬುಡದ ಕೋಲು ತಂದುಕೊಟ್ಟಳು. ಮುಂದಿನ ಸಲ ಬಂದಾಗ ಅದು ಅಟ್ಟದ ಮೇಲಿತ್ತು.

"ಕೋಲೂರ್ಕಂಡು ಬೀದೀಲಿ ವೋದ್ರೆ ಜನ ಏನಂದಾರು?" ಎಂದ ಶಿವಮೂರ್ತಿ. "ಮಗ ಸೊಸೆ ಕೈ ಬುಟ್ರು ಅಂತಾರೆ ಕಣವ್ವ."

"ಬಿದ್ರೆ?"

"ಯಾಕೆ ಬಿದ್ದಾಳು? ಮನೆ ತುಂಬ ಟೈಲ್ಸ್ ಆಕ್ಸಿಲ್ವಾ, ಕನ್ನಡಿ ಕನ್ನಡಿ ಇದ್ದಂಗದೆ."

ಆ ಕನ್ನಡಿಯ ಮೇಲೆಯೇ ಬಿದ್ದಳು. ಒಂದು ಸೋಮವಾರ ಸೊಸೆ ನೇತ್ರ ನೆಲ ತೊಳೆದು ನೀರು ಎಳೆಯುವ ಮೊದಲೇ, ಅತ್ತೆ ಗೋಡೆ ತಡವುತ್ತ ಬಚ್ಚಲಿಗೆ ಹೊರಟಿದ್ದಳು. ಹಿಡಿದುಕೊಳ್ಳಲು ಗೋಡೆಯೂ ನುಣುಪಾಗಿತ್ತು.

*

ಚಾಮರಾಜನಗರದ ಆಸ್ಪತ್ರೆಯಲ್ಲಿ, ತೊಡೆಯ ಮೇಲ್ಗಡೆ ಮುರಿದಿದೆ, ಆಪರೇಷನ್ ಮಾಡಿ ಒಳಗೆ ಕಬ್ಬಿಣ ಇಟ್ಟರೆ ಎದ್ದು ನಡೆಯುತ್ತಾಳೆ, ಹಾಗೇ ಮಲಗಿಸಿದರೆ ಹಾಸಿಗೆಯೇ ಕೊಲ್ಲುತ್ತದೆ ಎಂದರು. ಶಿವಮೂರ್ತಿ ಒಪ್ಪುವುದರಲ್ಲಿದ್ದ. ಆಗ ಸಿದ್ದಯ್ಯ ಅವನನ್ನು ವರಾಂಡಕ್ಕೆ ಎಳೆದ.

"ಕಬ್ಬಿಣ ಆಕುದ್ಮೇಲೆ ಕಾಲು ಬಗ್ತದೇನ್ಲಾ? ನಾಳೆ ಗುಂಡೀಲಿ ಎಂಗೆ ಕೂರ್ಸಿಯೆ? ಅತ್ತಿಗೆ ಕುಂತು ಐಕ್ಯ ಆಗ್ಬೇಕೋ, ಕಡ್ಡಿ ಅಂಗೆ ಮಲಗ್ಬೇಕೋ?"

ಶಿವಮೂರ್ತಿ ಸಹಿ ಹಾಕಬೇಕಿದ್ದ ಕಾಗದ ಮಡಚಿಟ್ಟುಕೊಂಡ.

"ಡಾಕ್ಟ್ರನ್ನ ಒಂದು ಮಾತು ಕೇಳಣ್ಣ, ಬಗ್ತದೋ ಇಲ್ವೋ ಅಂತ," ಎಂದಳು ಲೋಕೇಶ್ವರಿ.

"ಕೊಟ್ಟ ಮನೆಗೋದ ಎಣ್ಣು ನೀನು. ನಿಂಗ್ಯಾಕೆ ಈ ಮಾತು?" ಎಂದ ಸಿದ್ದಯ್ಯ.

ಯಾರೂ ಕೇಳಲಿಲ್ಲ. ಬದುಕಿರುವವಳು ನಡೆಯುವ ಚಿಂತೆ ಯಾರಿಗೂ ಇರಲಿಲ್ಲ. ಸತ್ತವಳು ಕೂರುವ ಚಿಂತೆ ಎಲ್ಲರಿಗೂ ಇತ್ತು. ಅವಳನ್ನು ಜೀಪಿನಲ್ಲಿ ನಾಟಿ ಕಟ್ಟು ಹಾಕುವವನ ಬಳಿಗೆ ಒಯ್ದರು. ಅವನು ಸೊಂಟದಿಂದ ಪಾದದವರೆಗೆ ಬಿದಿರು ಪಟ್ಟಿ ಬಿಗಿದ. ಬಿಗಿಯುವಾಗ ಪುಟ್ಟನಂಜಮ್ಮ ಕಿರುಚಿದ್ದು ರಸ್ತೆಯವರೆಗೆ ಕೇಳಿತು. ಪಟ್ಟಿ ಬಿಚ್ಚುವ ಹೊತ್ತಿಗೆ ಎಲುಬು ಕೂಡಿರಲಿಲ್ಲ, ಮೊಣಕಾಲು ಬಗ್ಗದಂತೆ ಮರಗಟ್ಟಿತ್ತು, ಬೆನ್ನು ಕೊಳೆಯಲು ಹತ್ತಿತ್ತು.

*

ಬಿಸಿನೀರು ಮುಗಿಯಿತು. ಸಿದ್ದಯ್ಯ ಬೆವರು ಒರೆಸಿಕೊಂಡು ಶಿವಮೂರ್ತಿಯ ಕಿವಿಗೆ ಬಾಯಿಟ್ಟ. ಪಿಸುಮಾತು ಎಲ್ಲರಿಗೂ ಕೇಳಿಸಿತು.

"ಒನಕೆ ತತ್ತಾ. ಮಂಡಿ ಮ್ಯಾಲೆ ಒಂದೇ ಏಟು. ಸತ್ತೋಳ್ಗೆ ನೋವೇನು?"

ಶಿವಮೂರ್ತಿ ಅಡುಗೆಮನೆ ಕಡೆ ನೋಡಿದ.

ಲೋಕೇಶ್ವರಿ ಹೋಗಿ ಆ ಕಾಲನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು.

"ಕಬ್ಬಿಣ ಆಕುದ್ರೆ ಕೂರ್ಸಕ್ಕಾಗಲ್ಲ ಅಂದ್ರಲ್ಲ ಚಿಕ್ಕಪ್ಪ. ಆಕ್ಲಿಲ್ವಲ್ಲ. ಕೂರ್ಸಿ ಈಗ."

"ಎಣದ ಮುಂದೆ ಜಗಳ ಬ್ಯಾಡ ಕಣವ್ವ."

"ಅವತ್ತು ಕಟ್ಟುವಾಗ ಕಿರುಚ್ಕಂಡ್ಲು, ಯಾರೂ ಬುಡ್ಸಲಿಲ್ಲ. ಇವತ್ತು ಕಿರುಚಲ್ಲ ಅಂತ ಒನಕೆ ತತ್ತೀರಾ? ತನ್ನಿ. ಮೊದ್ಲು ನನ್ ಕಾಲ್ಗಾಕಿ."

ವಿಭೂತಿ ಕಲಸುತ್ತಿದ್ದ ಜಂಗಮ ಬಸವಯ್ಯನ ಕಡೆ ಎಲ್ಲರೂ ತಿರುಗಿದರು. ಆತ ಗಂಟಲು ಸರಿಮಾಡಿಕೊಂಡ. "ಮಲಗ್ಸಂಗಿಲ್ಲ. ಕುಂತೇ ಐಕ್ಯ ಆಗ್ಬೇಕು. ಕಾಲಿನ ಇಚಾರ... ಅದು ನೀವು ನೀವು ನೋಡ್ಕಳಿ."

"ನಮ್ಮವ್ವ ಕುಂತವ್ಳೆ ಅಯ್ನೋರೆ. ಒಂದು ಕಾಲು ಚಾಚ್ಕಂಡು ಕುಂತವ್ಳೆ. ಕಾಲು ಸರಿಯಿಲ್ದಿದ್ರೆ ಗುಂಡಿ ಸರಿ ಮಾಡಿ."

"ಗುಂಡಿ ಲಕ್ಷಣ ಕೆಡ್ಸಕ್ಕೆ ಆಯ್ತದಾ?" ಎಂದ ಸಿದ್ದಯ್ಯ.

ಲೋಕೇಶ್ವರಿ ಬಾಗಿಲಲ್ಲಿ ನಿಂತಿದ್ದ ನೇತ್ರಳನ್ನು ಕರೆದಳು. "ಇಲ್ ಬಾ ನೇತ್ರ. ಇಡ್ಕ. ಯಾರ್ನೂ ಮುಟ್ಟಕ್ಕೆ ಬುಡ್ಬ್ಯಾಡ." ನೇತ್ರ ಗಂಡನ ಮುಖ ನೋಡಿದಳು. ಆಮೇಲೆ ಬಂದು ಕೂತು, ಅತ್ತೆಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು.

ಲೋಕೇಶ್ವರಿ ಸೆರಗು ಸೊಂಟಕ್ಕೆ ಬಿಗಿದು ಹೊಲಕ್ಕೆ ಹೋದಳು. ಶಿವಮೂರ್ತಿ ಹಿಂದೆಯೇ ಬಂದ. "ಏಯ್, ಎಣ್ಣೆಂಗ್ಸು ಗುಂಡಿಗಿಳೀತಾಳೆ ಅಂತಾರೆ. ಮರ್ಯಾದಿ ಕಳೀಬ್ಯಾಡ ಕಣೇ!"

ಅವಳು ಆಗಲೇ ಇಳಿದಿದ್ದಳು. ಮಾದುವಿನ ಕೈಯಿಂದ ಗುದ್ದಲಿ ತೆಗೆದುಕೊಂಡು ಗುಂಡಿಯ ಕಾಲುದಾರಿ ಕಡೆಯ ಗೋಡೆಗೆ ಹಾಕಿದಳು. ಕೆಮ್ಮಣ್ಣು ಗಟ್ಟಿಯಿತ್ತು. ಸ್ವಲ್ಪ ಹೊತ್ತು ನೋಡುತ್ತಿದ್ದ ಮಾದು ತಾನೂ ಹಾರೆ ಹಿಡಿದು ಇಳಿದ. "ಅಗಲ ಎಷ್ಟಿರ್ಲವ್ವ?"

"ಒಂದು ಕಾಲು ಇಡ್ಸೋಷ್ಟು."

ವಿಮಾನ ಬಂದಾಗ ಚೆಂಡುಹೂವಿನ ನಡುವಿನಿಂದ ಬಲಪಾದ ಹೊರಚಾಚಿ, ಮುಂದೆ ಹೊತ್ತವನ ಕಿವಿಯ ಪಕ್ಕ ತೂಗುತ್ತಿತ್ತು. ಅವನು ಮುಖ ತಿರುಗಿಸಿಕೊಂಡೇ ನಡೆದ. ಪುಟ್ಟನಂಜಮ್ಮನನ್ನು ಇಳಿಸಿದರು. ಮೈ ಚೌಕದಲ್ಲಿ ಕೂತಿತು. ಕಾಲು ಹೊಸದಾಗಿ ತೋಡಿದ ಸಣ್ಣ ಕಾಲುವೆಯಲ್ಲಿ ಸಲೀಸಾಗಿ ಉದ್ದಕ್ಕೆ ಚಾಚಿಕೊಂಡಿತು. ವಿಭೂತಿ ಬಿತ್ತು, ಬಿಲ್ವಪತ್ರೆ ಬಿತ್ತು, ಮಣ್ಣು ಬಿತ್ತು.

ಮಾದು ಮಣ್ಣು ತಟ್ಟಿ ಏರಿಸಿದ. ಗುಡ್ಡೆ ಒಂದು ಕಡೆ ದುಂಡಗಿತ್ತು. ಇನ್ನೊಂದು ಕಡೆ ಮೊಳ ಅಗಲದ ದಿಣ್ಣೆಯಾಗಿ ಹರಿದು ಕಾಲುದಾರಿಗೆ ಅಡ್ಡ ಮಲಗಿತ್ತು. ಎಲ್ಲರಿಗಿಂತ ಮೊದಲು ಹೊರಟ ಶಿವಮೂರ್ತಿ ಅದನ್ನು ದಾಟಲು ಕಾಲೆತ್ತಿದವನು, ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದು ನಿಂತ. ನಂತರ ಜೋಳದ ಪೈರಿನೊಳಗೆ ಇಳಿದು ಸುತ್ತಿಕೊಂಡು ಹೋದ. ಅವನ ಹಿಂದೆ ಸಿದ್ದಯ್ಯ, ಬಸವಯ್ಯ, ಇಡೀ ಊರು, ಪೈರು ತುಳಿಯುತ್ತ ಸುತ್ತಿಕೊಂಡು ಹೋಯಿತು.