ಎಂಟು ಮುತ್ತಿನ ರಾಣಿ

ಮೂರು ಮಣಿಗೆ ಒಂದು ಗಂಟು. ಮಫ್ತುಹಾ ಕಪ್ಪು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗಂಟು ಬಿಗಿದಳು. ಮುಂದಿನ ಬೆಳ್ಳಿ ಮಣಿಯನ್ನು ಸೂಜಿಗೆ ಏರಿಸಿದಳು. ಹರಾರ್ ಕೋಟೆಯೊಳಗಿನ ಅಕ್ಕಸಾಲಿಗರ ಓಣಿಯಲ್ಲಿ, ಕೊನೆಯ ಅಂಗಡಿಯ ಈ ಚಾಪೆಯ ಮೇಲೆ ಅವಳು ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಅಂಗಡಿ ಅವಳ ಸೋದರಮಾವನ ಮಗ ಅಬ್ದೋಶನದು. ಅವನು ಬೆಳ್ಳಿ ಕರಗಿಸಿ ಮಣಿ, ಬಳೆ ಮಾಡುತ್ತಿದ್ದ; ಇವಳು ಮದುವಣಗಿತ್ತಿಯರ ಸರ ಪೋಣಿಸುತ್ತಿದ್ದಳು.

ಕೈ ಪೋಣಿಸುತ್ತಿದ್ದರೂ ಕಣ್ಣು ಅಗ್ಗಿಷ್ಟಿಕೆಯ ಪಕ್ಕದ ಹಿತ್ತಾಳೆ ಬಟ್ಟಲಿನ ಮೇಲೆಯೇ ಇರುತ್ತಿತ್ತು. ಕರಗಿಸಲು ಬಂದ ಹಳೆಯ ಥಾಲರ್ ನಾಣ್ಯಗಳು ಮೊದಲು ಬೀಳುತ್ತಿದ್ದದ್ದು ಆ ಬಟ್ಟಲಿಗೆ. ಮುತ್ತಜ್ಜಂದಿರು ಕಾಫಿ ಮೂಟೆಗಳನ್ನು ಮಾರಿ ತಂದ ಬೆಳ್ಳಿ ಅದು. ಎಲ್ಲದರ ಮೇಲೂ ಕಡಲಾಚೆಯ ದೇಶದ ಅದೇ ದಪ್ಪ ಕತ್ತಿನ ವಿಧವೆ ರಾಣಿ, ತಲೆಯ ಮೇಲೆ ಅದೇ ಮುಸುಕು, ಅದೇ ಇಸವಿ, ಸಾವಿರದ ಏಳುನೂರ ಎಂಬತ್ತು. ರಾಣಿ ಸತ್ತು ನೂರು ವರ್ಷವಾದ ಮೇಲೂ ಯಾವಯಾವುದೋ ಊರಿನ ಟಂಕಸಾಲೆಗಳು ಅದೇ ಮುಖವನ್ನು ಒತ್ತಿ ಹಡಗು ಹತ್ತಿಸಿ ಕಳಿಸುತ್ತಲೇ ಇದ್ದವಂತೆ. ಊರಿನವರ ಕಣ್ಣಿಗೆ ಎಲ್ಲವೂ ಒಂದೇ. ಮಫ್ತುಹಾಳ ಕಣ್ಣಿಗೆ ಹಾಗಲ್ಲ. ಒಂದರಲ್ಲಿ ಹಿಂಬದಿಯ ಹದ್ದಿಗೆ ಬಾಲದ ಗರಿ ಒಂದು ಹೆಚ್ಚು. ಇನ್ನೊಂದರಲ್ಲಿ ಮುಸುಕಿನ ಮಡಿಕೆ ಬೇರೆ ರೀತಿ ಬಿದ್ದಿರುತ್ತದೆ. ಆ ವ್ಯತ್ಯಾಸಗಳನ್ನೇ ಅವಳು ಕೂಡಿಡುತ್ತ ಬಂದಿದ್ದಳು.

ಅಬ್ದೋಶನೊಡನೆ ಅವಳದೊಂದು ಒಪ್ಪಂದವಿತ್ತು. ಮೂಸೆಗೆ ಹಾಕುವ ಮುಂಚೆ ಬಟ್ಟಲು ಅವಳ ಕೈಗೆ ಬರಬೇಕು. ಬೇಕೆನಿಸಿದ್ದನ್ನು ತೆಗೆದುಕೊಂಡು, ಅದೇ ತೂಕದ ಮತ್ತೊಂದು ಥಾಲರನ್ನು ಬಟ್ಟಲಿಗೆ ಹಾಕಬೇಕು. ಹೀಗೆ ಮನೆಯ ಹಲ್ವಾ ಡಬ್ಬಿಯಲ್ಲಿ ಮೂವತ್ತೊಂದು ರಾಣಿಯರು ಸೇರಿದ್ದರು. "ನಾನು ಒಬ್ಬಳನ್ನೂ ತರ್ಲಿಲ್ಲ, ನೀನು ಮೂವತ್ತೊಂದು ಸವತೀರ್ನ ತಂದು ಕೂರಿಸ್ಕೊಂಡಿದ್ದೀಯ," ಎಂದು ಗಂಡ ರೇಗಿಸುತ್ತಿದ್ದ.

ಮೂವತ್ತೆರಡನೆಯದು ಒಮ್ಮೆ ಕೈಗೆ ಬಂದು ಹೋಗಿತ್ತು.

ರಾಣಿಯ ಎದೆಯ ಮೇಲೊಂದು ಪದಕವಿದೆ. ಪದಕದ ಸುತ್ತ ಮುತ್ತುಗಳು. ಮುತ್ತು ಒಂಬತ್ತಿದ್ದರೆ ಮಾತ್ರ ಒಳ್ಳೆಯ ಬೆಳ್ಳಿ ಎಂದು ಹಿಂದಿನಿಂದ ನಂಬಿಕೆ. ಈಗಲೂ ಮದುವೆಯಲ್ಲಿ ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಕಾಸಿನ ಸರವನ್ನು ಅಂಗೈಯಲ್ಲಿ ಹಿಡಿದು ಉಗುರಿನ ತುದಿಯಿಂದ ಮುತ್ತು ಎಣಿಸುತ್ತಾರೆ. ಒಂದು ಕಡಿಮೆಯಾಯಿತೋ, ಅದು ಕುರುಡು ನಾಣ್ಯ. ಹಾಗಾಗಿ ಊರಿನಲ್ಲಿ ಮೊದಲು ಬೆಂಕಿಗೆ ಬೀಳುತ್ತಿದ್ದದ್ದು ಅಂಥವೇ. ಹದಿನೆಂಟು ವರ್ಷದ ಹಿಂದೆ ಬಟ್ಟಲಿನಲ್ಲಿ ಎಂಟು ಮುತ್ತಿನದೊಂದು ಬಂದಿತ್ತು. ಸವೆದು ಎಂಟಾದದ್ದಲ್ಲ, ಅಚ್ಚಿನಲ್ಲೇ ಎಂಟು. ಆದರೆ ಅದರ ನೆತ್ತಿಗೆ ಸರಕ್ಕೆ ಪೋಣಿಸುವ ಕೊಂಡಿಯನ್ನು ಬೆಸೆದಿದ್ದರು. ಅದ್ದಿಸ್ ಅಬಾಬಾದಿಂದ ವರ್ಷಕ್ಕೊಮ್ಮೆ ಬರುತ್ತಿದ್ದ ನಾಣ್ಯದ ವ್ಯಾಪಾರಿ ಅವಳಿಗೆ ಆಗಷ್ಟೇ ಪಾಠ ಹೇಳಿದ್ದ: ಕೊಂಡಿ ಬಿದ್ದದ್ದು, ತೂತು ಬಿದ್ದದ್ದು, ಉಜ್ಜಿ ತೊಳೆದದ್ದು, ಮೂರೂ ಸತ್ತ ನಾಣ್ಯಗಳು. ಆಗ ಮೂವತ್ತನಾಲ್ಕರ ಹೆಣ್ಣು ಮಫ್ತುಹಾ. ಕಾಯುವ ಶಕ್ತಿ ತನಗಿದೆ ಎಂಬ ಹೆಮ್ಮೆ ಬೇರೆ. ಕೊಂಡಿಯಿಲ್ಲದ್ದು ಬಂದೇ ಬರುತ್ತದೆ ಎಂದುಕೊಂಡು ಅದನ್ನು ಬಟ್ಟಲಿಗೆ ಮರಳಿ ಹಾಕಿದಳು. ಸಂಜೆಯೊಳಗೆ ಅದು ಯಾರದೋ ಕಾಲ್ಗೆಜ್ಜೆಯಾಯಿತು.

ಕೊಂಡಿಯಿಲ್ಲದ್ದು ಬರಲಿಲ್ಲ. ಕೊಂಡಿಯಿದ್ದದ್ದೂ ಬರಲಿಲ್ಲ.

"ಅಸ್ಸಲಾಮು ಅಲೈಕುಂ. ಇದೇನು ಮಫ್ತುಹಕ್ಕ, ಕಣ್ಣು ಅಲ್ಲಿ, ಸೂಜಿ ಇಲ್ಲಿ. ಬೆರಳು ಚುಚ್ಕೊಂಡ್ರೆ ಹೇಳ್ಬೇಡ ಮತ್ತೆ."

ಬಂದವಳು ಕಿಮಿಯಾ. ಎರಡು ಓಣಿ ಆಚೆಗಿನ ಮನೆ. ಮದುವೆಗೂ ಸಾವಿಗೂ ಒಟ್ಟಾಗುವ ಹೆಂಗಸರ ಕೂಟ ಅಫೋಚಾದಲ್ಲಿ ಇಬ್ಬರದೂ ಒಂದೇ ಗುಂಪು. ಮುಂದಿನ ತಿಂಗಳು ಅವಳ ಮಗಳು ನಬಿಹಾಳ ಮದುವೆ. ಚಾಪೆಯ ಮೇಲೆ ಕೂತವಳೇ ಸೆರಗಿನ ಗಂಟು ಬಿಚ್ಚಿ, ಹಳೆಯ ಸರವೊಂದನ್ನು ಅಬ್ದೋಶನ ಮುಂದಿಟ್ಟಳು. ಏಳು ಥಾಲರ್‌ಗಳು, ಏಳಕ್ಕೂ ಕೊಂಡಿ. ದಾರ ಸವೆದು ಜೀರ್ಣವಾಗಿತ್ತು.

"ಅಬ್ದೋಶಣ್ಣ, ನಮ್ಮತ್ತೇದು. ಇದನ್ನ ಕರಗಿಸಿ ನಬಿಹಾಗೆ ಒಂದು ಜೊತೆ ಬಳೆ ಮಾಡ್ಕೊಡು. ಬೆಳಗ್ಗೆ ಕೂತು ನಿಂಬೆಹಣ್ಣು, ಬೂದಿ ಹಾಕಿ ಉಜ್ಜಿದ್ದೀನಿ. ಹ್ಯಾಗೆ ಹೊಳೀತಿದೆ ನೋಡು."

"ಕರಗಿಸೋದಕ್ಕೆ ಉಜ್ಜೋದು ಯಾಕಮ್ಮ? ಬೆಂಕಿಗೇನು ಹೊಳಪು ಬೇಕಾ?" ಎಂದು ಅಬ್ದೋಶ್ ನಕ್ಕ.

"ಕೊಳಕು ಬೆಳ್ಳಿ ತಂದ್ಲು ಅಂತ ನೀನು ಓಣಿಗೆಲ್ಲ ಸಾರ್ತೀಯಲ್ಲ, ಅದಕ್ಕೆ."

ಅವನು ದಾರ ಕತ್ತರಿಸಿ ನಾಣ್ಯಗಳನ್ನು ಬಟ್ಟಲಿಗೆ ಸುರಿದ. ಅಭ್ಯಾಸದಂತೆ ಬಟ್ಟಲನ್ನು ಮಫ್ತುಹಾಳತ್ತ ತಳ್ಳಿದ. ಅವಳು ಭೂತಗನ್ನಡಿ ತೆಗೆದಳು. ಮೊದಲನೆಯದು ಒಂಬತ್ತು. ಎರಡನೆಯದೂ ಒಂಬತ್ತು. ಮೂರನೆಯದನ್ನು ಎಣಿಸಿ ಬೆಳಕಿಗೆ ಹಿಡಿದಳು. ಎಡದಿಂದ ಎಣಿಸಿದಳು, ಬಲದಿಂದ ಎಣಿಸಿದಳು, ಗಾಜನ್ನು ಸೆರಗಿನಿಂದ ಒರೆಸಿ ಮತ್ತೊಮ್ಮೆ ಎಣಿಸಿದಳು.

ಎಂಟು.

ಕೊಂಡಿ ಇತ್ತು. ನಿಂಬೆ, ಬೂದಿಯ ಗೀರುಗಳು ಮೈತುಂಬ ಇದ್ದವು. ವ್ಯಾಪಾರಿಯ ಲೆಕ್ಕದಲ್ಲಿ ಎರಡು ಸಲ ಸತ್ತ ನಾಣ್ಯ. ಆದರೂ ಮಫ್ತುಹಾ ಅದನ್ನು ಬಟ್ಟಲಿಗೆ ಮರಳಿಸಲಿಲ್ಲ. ಈ ಸಲ ಬಿಡುವುದಿಲ್ಲ ಎಂದುಕೊಂಡಳು. ಚೀಲಕ್ಕೆ ಕೈಹಾಕಿ ಬದಲಿಗೆಂದು ಇಟ್ಟುಕೊಂಡಿದ್ದ ಥಾಲರನ್ನು ಹೊರತೆಗೆದಳು.

"ಕಿಮಿಯಾ, ಇದೊಂದನ್ನ ನಾನು ತಗೋತೀನಿ. ಅದರ ಬದಲು ಇದು. ತೂಕ ಸರಿಯಾಗಿದೆ."

ಕಿಮಿಯಾ ಬಗ್ಗಿ ನೋಡಿದಳು. "ಯಾವುದು? ಅಯ್ಯೋ, ಆ ಕುರುಡಾ? ತಗೋ ಮಹಾರಾಯ್ತಿ, ಧಾರಾಳವಾಗಿ ತಗೋ. ಪೀಡೆ ತೊಲಗ್ತು. ಬದಲಿಗೆ ಒಳ್ಳೇದು ಬೇರೆ ಕೊಡ್ತೀಯ. ನಿಂಗೇನು ತಲೆ ಕೆಟ್ಟಿದೆಯಾ?"

ಎಷ್ಟು ಸಲೀಸು. ಹದಿನೆಂಟು ವರ್ಷ ಕಾದದ್ದು ಹುಲ್ಲುಕಡ್ಡಿ ಎತ್ತಿಕೊಂಡಷ್ಟು ಸುಲಭವಾಗಿ ಅಂಗೈಗೆ ಬಂದಿತ್ತು. ಮಫ್ತುಹಾ ಮುಷ್ಟಿ ಮುಚ್ಚಿದಳು. ಬೆಳ್ಳಿ ತಣ್ಣಗಿತ್ತು. ಅಬ್ದೋಶ್ ಹುಬ್ಬು ಹಾರಿಸಿ ಅವಳತ್ತ ನೋಡಿದ. ಏನು ಸಿಕ್ಕಿತೆಂದು ಅವನಿಗೆ ಅರ್ಥವಾಗಿತ್ತು. ಕಾಫಿ ಸಿಪ್ಪೆ ಕುದಿಸಿ ಹಾಲು ಬೆರೆಸಿದ ಬಿಸಿ ಪಾನೀಯವನ್ನು ಮೂವರಿಗೂ ಲೋಟಗಳಿಗೆ ಬಗ್ಗಿಸಿದ.

ಕಿಮಿಯಾ ಲೋಟ ಊದುತ್ತ ಮಾತು ಮುಂದುವರಿಸಿದಳು. "ನಮ್ಮತ್ತೆ ಅಮೆತುಲ್ಲಾಜ್ಜಿ ಮದುವೆ ದಿನ ನಮ್ಮ ಮಾವನ ಅಕ್ಕಂದಿರು ಎಣಿಸಿದ್ರಂತೆ. ಆರು ಸರಿ, ಇದೊಂದು ಎಂಟು. ಅವತ್ತಿಂದ ಆಕೆ ಹೆಸರೇ 'ಎಂಟರ ಅಮೆತುಲ್ಲಾ.' ಹಾಲು ಒಡೆದ್ರೂ 'ಎಂಟರವಳು ಬಂದ್ಲು, ಅದಕ್ಕೇ' ಅನ್ನೋರು. ಆಕೆ ಒಂದಿನಾನೂ ಬಾಯಿ ತೆಗೀಲಿಲ್ಲ. ಈ ಸರಾನ ಹೊರಗೆ ಹಾಕ್ಕೊಳ್ಳೋದೇ ಬಿಟ್ಬಿಟ್ಲು. ಪೆಟ್ಟಿಗೆ ತಳದಲ್ಲಿ ಇಟ್ಟಿದ್ಲು."

"ತೆಗೆದು ಬಿಸಾಕ್ಬಹುದಿತ್ತಲ್ಲ," ಎಂದ ಅಬ್ದೋಶ್.

"ಅವರಪ್ಪ ಕೊಟ್ಟಿದ್ದು ಅಂತ. ಸಾಯೋ ತನಕ ಇಟ್ಕೊಂಡಿದ್ಲು." ಕಿಮಿಯಾ ಒಂದು ಗುಟುಕು ಕುಡಿದಳು. "ಸುಳ್ಳು ಯಾಕೆ ಹೇಳ್ಲಿ, ಒಂದ್ಸಲ ನಾನೂ ಎಂಟರವಳು ಅಂದಿದ್ದೆ. ಸಿಟ್ಟಲ್ಲಿ ಬಂದ್ಬಿಡ್ತು ಬಾಯಿಗೆ. ಆಕೆ ನನ್ನ ಮುಖ ನೋಡಿ, ನೀನೂ ಕಲಿತ್ಬಿಟ್ಯಾ ಮಗಳೇ, ಅಂದ್ಲು ಅಷ್ಟೆ. ಅದೇ ಭಯ ನಂಗೆ, ನಬಿಹಾನೂ ಅಜ್ಜಿ ಥರಾನೇ, ತಿರುಗಿ ಮಾತಾಡೋಳಲ್ಲ. ಅವಳ ಕತ್ತಲ್ಲಿ ಇದನ್ನ ನೋಡಿ ಯಾರಾದ್ರೂ ಬಾಯಿ ಬಿಟ್ರೆ? ಅದಕ್ಕೇ ಕರಗಿಸ್ಬಿಡೋಣ ಅಂತ."

ಮಫ್ತುಹಾಳ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ಸುಮ್ಮನಿದ್ದರೆ ಸಾಕಿತ್ತು. ಇನ್ನೆರಡು ಗುಟುಕು ಕುಡಿದು ಕಿಮಿಯಾ ಎದ್ದು ಹೋಗುತ್ತಾಳೆ. ನಾಣ್ಯ ಡಬ್ಬಿ ಸೇರುತ್ತದೆ. ಅವಳು ಕದ್ದಿಲ್ಲ, ಸುಳ್ಳು ಹೇಳಿಲ್ಲ, ತೂಕಕ್ಕೆ ತೂಕ ಕೊಟ್ಟಿದ್ದಾಳೆ. ಆದರೆ ಒಬ್ಬ ಹೆಂಗಸು ಬದುಕಿಡೀ ಮಾತು ಕೇಳಿಸಿಕೊಂಡದ್ದು ಯಾವುದಕ್ಕೆ ಎಂದು ಈ ಊರಿನಲ್ಲಿ ಗೊತ್ತಿದ್ದದ್ದು ತನಗೊಬ್ಬಳಿಗೇ. ಅದನ್ನೂ ಮುಷ್ಟಿಯೊಳಗೇ ಇಟ್ಟುಕೊಂಡು ಮನೆಗೆ ಹೋಗಬೇಕು. ಹೋಗಬಹುದಿತ್ತು. ಬಾಯಿ ತಾನಾಗಿ ತೆರೆಯಿತು.

"ಕಿಮಿಯಾ, ಇದು ಕುರುಡು ಅಲ್ಲ."

"ಅಂದ್ರೆ?"

"ಬೆಳ್ಳಿ ಅದೇ, ತೂಕ ಅದೇ. ಬೇರೆ ಯಾವುದೋ ಊರಲ್ಲಿ, ಬೇರೆ ಅಚ್ಚಲ್ಲಿ ಮಾಡಿದ್ದು. ಅಲ್ಲಿನವರು ಎಂಟೇ ಮುತ್ತು ಕೊರೆದ್ರು, ಅಷ್ಟೆ. ಇಪ್ಪತ್ತೆರಡು ವರ್ಷದಲ್ಲಿ ಈ ಬಟ್ಟಲಿಗೆ ಎಷ್ಟು ಸಾವಿರ ಬಂದಿದೆಯೋ. ಇಂಥದ್ದು ನಾನು ನೋಡಿದ್ದು ಎರಡೇ. ಒಂದನ್ನ ಹದಿನೆಂಟು ವರ್ಷದ ಹಿಂದೆ ಕೈಯಾರೆ ಬೆಂಕಿಗೆ ಬಿಟ್ಟೆ. ಅವತ್ತಿಂದ ಹುಡುಕ್ತಾ ಇದೀನಿ. ನಿಮ್ಮತ್ತೆ ಅಪ್ಪ ಮಗಳಿಗೆ ಕೆಟ್ಟ ಬೆಳ್ಳಿ ಕೊಡ್ಲಿಲ್ಲ. ಇಡೀ ಊರಲ್ಲಿ ಯಾರ ಹತ್ರಾನೂ ಇಲ್ಲದ್ದನ್ನ ಕೊಟ್ಟಿದ್ದ. ಅದು ಆತಂಗೂ ಗೊತ್ತಿರ್ಲಿಲ್ಲ, ಆಕೆಗೂ ಗೊತ್ತಿರ್ಲಿಲ್ಲ."

ಅಬ್ದೋಶ್ ತಿದಿ ಒತ್ತುವುದನ್ನು ನಿಲ್ಲಿಸಿ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡ.

ಕಿಮಿಯಾ ಲೋಟವನ್ನು ಕೆಳಗಿಟ್ಟಳು. ಅವಳ ಮೂಗಿನ ತುದಿ ಕೆಂಪಾಗಿತ್ತು. "ಮೊದಲೇ ಯಾಕೆ ಹೇಳ್ಲಿಲ್ಲ ನೀನು? ಆಕೆ ಇದ್ದಾಗ?"

"ಆಕೆ ಹತ್ರ ಇದೆ ಅಂತ ನಂಗೆಲ್ಲಿ ಗೊತ್ತಿತ್ತು ಮಾರಾಯ್ತಿ?"

ಕಿಮಿಯಾ ಕೈ ಚಾಚಿದಳು. "ಕೊಡಕ್ಕ."

ಮಫ್ತುಹಾ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈಯಲ್ಲಿ ಗುಂಡನೆಯ ಕೆಂಪು ಗುರುತು ಮೂಡಿತ್ತು. ಕಿಮಿಯಾ ನಾಣ್ಯವನ್ನು ಎತ್ತಿಕೊಂಡು, ಅದೇ ಮೊದಲ ಸಲ ನೋಡುವವಳಂತೆ ತಿರುಗಿಸಿ ತಿರುಗಿಸಿ ನೋಡಿದಳು. ಭೂತಗನ್ನಡಿ ಕೇಳಿ ತೆಗೆದುಕೊಂಡು ತುಟಿ ಅಲ್ಲಾಡಿಸುತ್ತ ಎಣಿಸಿದಳು.

"ಅಬ್ದೋಶಣ್ಣ, ಬಳೆ ಬೇಡ. ಏಳನ್ನೂ ಮತ್ತೆ ಸರಾನೇ ಮಾಡ್ಕೊಡು. ಇದು ಮಧ್ಯಕ್ಕೆ ಬರ್ಲಿ. ಎಣಿಸ್ಲಿ ಎಲ್ರೂ, ಎಷ್ಟು ಬೇಕೋ ಅಷ್ಟು ಸಲ ಎಣಿಸ್ಲಿ. ಎಂಟು ಅಂದವರಿಗೆ ನಾನು ಹೇಳ್ತೀನಿ ಉತ್ತರ." ಎದ್ದು ನಿಂತವಳು ಮಫ್ತುಹಾಳ ಭುಜ ಹಿಡಿದಳು. "ಬೇಜಾರು ಮಾಡ್ಕೋಬೇಡ ಅಕ್ಕ. ಕೊಟ್ಟಿದ್ದನ್ನ ವಾಪಸ್ ಇಸ್ಕೊಂಡೆ. ನಿನ್ನದನ್ನ ನೀನು ತಗೋ."

"ಹೋಗೇ, ಈರುಳ್ಳಿ ತಗೊಂಡು ಬಾ ಮಾರ್ಕೆಟ್ಟಿಂದ. ಅಷ್ಟರಲ್ಲಿ ಪೋಣಿಸಿ ಇಟ್ಟಿರ್ತೀನಿ."

ಕಿಮಿಯಾ ಓಣಿಯ ತಿರುವು ದಾಟುವುದನ್ನೇ ಕಾಯುತ್ತಿದ್ದ ಅಬ್ದೋಶ್ ಸಿಡಿದ. "ಅಲ್ಲಕ್ಕ, ನಿಂಗೆ ಯಾರು ಮಾತಾಡು ಅಂದ್ರು? ಕೈಗೆ ಬಂದಿತ್ತು! ಹದಿನೆಂಟು ವರ್ಷದಿಂದ ಎಂಟು ಎಂಟು ಅಂತ ನನ್ನ ಕಿವಿ ತಿಂದಿದ್ದೀಯ. ಹಾಳಾಗ್ಲಿ, ನನ್ನ ಬಳೆ ಕೆಲಸಾನೂ ಹೋಯ್ತು."

"ಹೋಯ್ತು ಬಿಡು."

"ಈಗ್ಲೂ ಏನಾಗಿಲ್ಲ ನೋಡು." ಅವನು ದನಿ ತಗ್ಗಿಸಿದ. "ಕೊಂಡಿ ಇರೋ ಒಂಬತ್ತರದೊಂದು ನನ್ನ ಹತ್ರ ಇದೆ. ಮಧ್ಯಕ್ಕೆ ಅದನ್ನ ಹಾಕು. ಅದರಲ್ಲೊಂದು ಮುತ್ತನ್ನ ಉಜ್ಜಿ ಅಳಿಸಿ ಕೊಡ್ತೀನಿ, ಎಂಟಾಗುತ್ತೆ. ಅವಳಿಗೇನು ಗೊತ್ತಾಗುತ್ತೆ?"

ಮಫ್ತುಹಾ ತಲೆ ಎತ್ತಿ ನೋಡಿದಳು. ಅವನು ಕೆಟ್ಟವನಲ್ಲ, ಅವಳ ಮೇಲಿನ ಅಕ್ಕರೆಯಿಂದಲೇ ಹೇಳಿದ್ದ. ಒಂದು ಕ್ಷಣ ಅವಳೂ ಅದನ್ನು ತೂಗಿದಳು. ಚೆನ್ನಾಗಿಯೇ ತೂಗಿದಳು.

"ನಿನ್ನ ಚಾತ್ ಎಲೆ ಅಗಿಯೋ ಹೊತ್ತಾಯ್ತು, ಹೋಗು," ಎಂದಳು. "ತಲೆಗೆ ಏನೇನೋ ಬರ್ತಿದೆ ನಿಂಗೆ."

ಅವನು ಗೊಣಗುತ್ತ ಎದ್ದುಹೋದ. ಅವಳು ಹೊಸ ದಾರ ತೆಗೆದಳು. ಮೂರು ನಾಣ್ಯ, ನಡುನಡುವೆ ಮಣಿ, ಆಮೇಲೆ ಎಂಟು ಮುತ್ತಿನ ರಾಣಿ. ದಾರವನ್ನು ಕೊಂಡಿಯೊಳಗೆ ದಾಟಿಸುವಾಗ ಅವಳ ಕೈ ತಾನಾಗಿಯೇ ನಿಧಾನವಾಯಿತು. ಇಷ್ಟು ಗಮನವಿಟ್ಟು ಕೊಂಡಿಯೊಂದನ್ನು ಅವಳು ಎಂದೂ ನೋಡಿರಲಿಲ್ಲ. ಬೆಸೆದವನು ಯಾರೋ ಬಹಳ ಎಚ್ಚರದವನು. ಬೆಸುಗೆಯ ಹನಿ ರಾಣಿಯ ಮುಸುಕಿಗೆ ತಾಗದಂತೆ, ಅಂಚನ್ನು ಮಾತ್ರ ಹಿಡಿದು ಕೂರಿಸಿದ್ದ. ಕೊಂಡಿಯ ಒಳಬದಿ ದಾರದ ಉಜ್ಜಾಟಕ್ಕೆ ಸವೆದಿತ್ತು. ಹೊರಗೆ ಹಾಕುವುದನ್ನು ಬಿಟ್ಟಿದ್ದಳಂತೆ ಅಮೆತುಲ್ಲಾಜ್ಜಿ. ಹಾಗಾದರೆ ಒಳಗೆ, ಬಟ್ಟೆಯಡಿಯಲ್ಲಿ, ಯಾರಿಗೂ ಕಾಣದ ಹಾಗೆ ಹಾಕಿಕೊಳ್ಳುತ್ತಿದ್ದಿರಬೇಕು. ಇಷ್ಟು ಸವೆಯಬೇಕಾದರೆ ವರ್ಷಗಟ್ಟಲೆ.

ಇದನ್ನು ಸತ್ತ ನಾಣ್ಯ ಎಂದು ಹೇಗೆ ನಂಬಿದೆನೋ ಎನಿಸಿತು ಮಫ್ತುಹಾಳಿಗೆ.

ಅವಳು ಕಾಯುತ್ತಿದ್ದಷ್ಟು ಕಾಲವೂ ಇದು ಎರಡು ಓಣಿಯಾಚೆ, ಒಂದು ಪೆಟ್ಟಿಗೆಯ ತಳದಲ್ಲಿ ಇತ್ತು. ಆ ಮನೆಗೆ ಅವಳು ಎಷ್ಟು ಸಲ ಹೋಗಿಲ್ಲ! ಅಲ್ಲಿನ ಜಗುಲಿಯಲ್ಲಿ ಕೂತು ಅಮೆತುಲ್ಲಾಜ್ಜಿಯ ಪಕ್ಕದಲ್ಲೇ ಬುಟ್ಟಿ ಹೆಣೆದಿದ್ದಾಳೆ. ಒಂದು ಮಾತು ಕೇಳಿದ್ದರೆ? ಕೇಳಲಿಲ್ಲ. ತಾಳ್ಮೆಯೆಂದರೆ ಕೂತಲ್ಲೇ ಕೂತಿರುವುದು ಎಂದು ತಿಳಿದು, ಬೆಂಕಿಯ ಬಾಯಿಯ ಪಕ್ಕವೇ ಚಾಪೆ ಹಾಸಿಕೊಂಡಿದ್ದಳು. ಉಳಿಯಬೇಕಾದ್ದು ಕಟ್ಟಕಡೆಗೆ ಬಂದು ಮುಟ್ಟುವ ಜಾಗವಿದು. ಅದಕ್ಕೆ ಮುಂಚೆ ಅವೆಲ್ಲ ಮನೆಗಳಲ್ಲಿರುತ್ತವೆ, ಹೆಂಗಸರ ಪೆಟ್ಟಿಗೆಗಳಲ್ಲಿ, ಹೇಳಿಕೊಳ್ಳಲಾಗದ ಮಾತುಗಳ ಜೊತೆಗೆ.

ಕೊನೆಯ ಗಂಟು ಹಾಕಿ ಸರವನ್ನು ಎತ್ತಿ ಹಿಡಿದಳು. ಮಧ್ಯದ ರಾಣಿ ನೇರವಾಗಿ ನೇತಾಡಿತು. ಚೆನ್ನಾಗಿತ್ತು. ನಬಿಹಾಳ ಕತ್ತಿನಲ್ಲಿ ಇನ್ನೂ ಚೆನ್ನಾಗಿರುತ್ತದೆ.

ಶುಕ್ರವಾರ ಅಫೋಚಾದ ಹೆಂಗಸರು ಮದುವೆಯ ಸಾಂಬಾರ ಪದಾರ್ಥ ಕುಟ್ಟಲು ಕಿಮಿಯಾಳ ಮನೆಯಲ್ಲಿ ಸೇರುವವರಿದ್ದರು. ನಲವತ್ತು ಮಂದಿಯಾದರೂ ಬರುತ್ತಾರೆ. ಪ್ರತಿಯೊಬ್ಬಳ ಮನೆಯಲ್ಲೂ ಒಂದು ಪೆಟ್ಟಿಗೆ. ಮಫ್ತುಹಾ ಮನಸ್ಸಿನಲ್ಲೇ ಓಣಿಯಿಂದ ಓಣಿಗೆ ನಡೆದು ಬಂದಳು. ಮೊದಲು ಮಸೀದಿಯ ಹಿಂದಿನ ಮನೆ. ಅಲ್ಲಿನ ಮುದುಕಿಗೆ ಕಣ್ಣು ಮಂದ, ಮಾತು ಚೆನ್ನ. ತಾನು ಕೊಡು ಎನ್ನುವುದಿಲ್ಲ, ಬದಲಿ ತೋರಿಸುವುದಿಲ್ಲ. ನೋಡುತ್ತೇನೆ ಎನ್ನುವುದಷ್ಟೆ. ಮುತ್ತು ಎಣಿಸುವುದು, ಗರಿ ಎಣಿಸುವುದು, ಯಾರ ತಾಯಿಯದು, ಯಾರು ಏನಂದಿದ್ದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಕರಗಿಸಬೇಡ ಎಂದು ಹೇಳಿಬರುವುದು. ವಾರಕ್ಕೊಂದು ಮನೆಯಾದರೂ ವರ್ಷ ತುಂಬುವುದರೊಳಗೆ ನಲವತ್ತು ಮನೆಯೂ ಮುಗಿಯುತ್ತದೆ.

ಅಬ್ದೋಶ್ ಕೆನ್ನೆಯಲ್ಲಿ ಎಲೆಯ ಉಂಡೆ ಇಟ್ಟುಕೊಂಡು ಮರಳಿ ಬಂದ. ಬಾಗಿಲಲ್ಲೇ ನಿಂತು ಅವಳ ಮುಖ ನೋಡಿದ.

"ಏನಕ್ಕ, ಅಳ್ತಾ ಇರ್ತೀಯ ಅಂದ್ಕೊಂಡ್ರೆ ನಗ್ತಾ ಕೂತಿದ್ದೀಯ. ಏನು ಯೋಚ್ನೆ?"

"ಏನಿಲ್ಲ. ಶುಕ್ರವಾರ ನಾನು ಬರಲ್ಲ, ಮಣಿ ಕೆಲಸ ನೀನೇ ನೋಡ್ಕೋ," ಎಂದು ಹೇಳಿ, ಅವಳು ಕಿಮಿಯಾಳ ಸರವನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು.