ಯಾವ ಸಭೆಯವರು

ಪಾಸ್ಟರುಗಳನ್ನು ತಯಾರು ಮಾಡುವ ಬಳ್ಳಾರಿಯ ಆ ಸೆಮಿನರಿ ಯಾವುದೇ ಒಂದು ಪಂಗಡಕ್ಕೆ ಸೇರಿದ್ದಲ್ಲ. ಅಲ್ಲಿ ಪಾಠ ಹೇಳುತ್ತಿದ್ದ ದೇವದಾನಪ್ಪ ಯಾವ ಚರ್ಚಿನ ಸಭೆಯಲ್ಲೂ ಹೆಸರು ಬರೆಸದೆ, ಪ್ರತಿ ಭಾನುವಾರ ಒಂದೊಂದು ಚರ್ಚಿನಲ್ಲಿ ಬೈಬಲ್ ಪ್ರಸಂಗ ಮಾಡುತ್ತಿದ್ದರು. ಎಲ್ಲ ಚರ್ಚಿನವರೂ ಅವರನ್ನು ‘ನಮ್ಮ ಮೇಷ್ಟ್ರು’ ಎನ್ನುತ್ತಿದ್ದರು.

ಹೆಂಡತಿ ರತ್ನಮ್ಮ ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವರು ಸಿರುಗುಪ್ಪಕ್ಕೆ ಹೋಗಿ, ಅಲ್ಲಿ ಪಾಸ್ಟರಾಗಿದ್ದ ಹಳೆಯ ಶಿಷ್ಯ ಕರುಣಾಕರನ ಬಳಿ ಸಮಾಧಿಗೆ ಜಾಗ ಕೇಳಿದರು.

“ನೀವು ನಮ್ಮ ಸಭೆಯೋರಲ್ಲಲ್ರಿ ಸರ್. ಹಿರಿಯರು ಒಪ್ಪಂಗಿಲ್ಲ. ಕುರುಗೋಡಿನ್ಯಾಗ ಕೇಳ್ರಿ,” ಎಂದ ಅವನು, ತಲೆ ಎತ್ತದೆ.

ಕುರುಗೋಡಿನ ಪಾಸ್ಟರು ಚಹಾ ಕೊಟ್ಟು ಅದೇ ಮಾತು ಹೇಳಿದರು. ಬರುವ ಭಾನುವಾರ ಪ್ರಸಂಗಕ್ಕೆ ಬರಬೇಕೆಂದೂ ಕೇಳಿಕೊಂಡರು. ದೇವದಾನಪ್ಪ ಒಪ್ಪಿಕೊಂಡೇ ಬಿಟ್ಟರು.

ಎಲ್ಲಿಗೆ ಹೋಗಿದ್ದೆನೆಂದು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಳಗೆ ಕಾಲಿಡುತ್ತಲೇ ರತ್ನಮ್ಮ ಮಲಗಿದಲ್ಲಿಂದಲೇ ಮೆಲ್ಲಗೆ ಕೇಳಿದಳು:

“ಜಾಗ ಕೊಟ್ರೇನ್ರಿ?”